ಬಣ್ಣ ಕಾಣದ ವೈರ್ ಮೇಷ್ಟ್ರು

ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಬಿಲ್ಲು ಬರೆಯುತ್ತಿದ್ದ ಗುಮಾಸ್ತನಿಗೆ ಇದ್ದಕ್ಕಿದ್ದಂತೆ ಬಡ್ತಿಯ ಯೋಗ ಬಂತು. ಊರಿನ ಕ್ಲಿನಿಕ್ಕುಗಳಿಗೆಲ್ಲ ಸೆಟ್ಟು ತಲುಪಿಸುವ ಕೆಲಸ. ಸ್ವಂತ ಕಾರು ಇರಬೇಕು. “ಕಾರಿದೆಯೇನಯ್ಯ?” ಎಂದು ಮಾಲೀಕರು ಕೇಳಿದರು. “ಇದೆ ಸಾರ್” ಎಂದ. ಓಡುತ್ತದೆಯೇ ಎಂದು ಅವರು ಕೇಳಲಿಲ್ಲ, ಇವನೂ ಮೇಲೆ ಬಿದ್ದು ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರು ಬಾಗಿಲಲ್ಲಿ ನಿಂತಿರಬೇಕು, ಇಲ್ಲವಾದರೆ ಕೆಲಸ ಪಕ್ಕದ ಮೇಜಿನವನಿಗೆ ಎಂದು ಮಾತಾಯಿತು.

ಕಾರು ದೊಡ್ಡಪ್ಪನದು. ಮಂಡಿಯ ಆಪರೇಷನ್ ಆದ ಮೇಲೆ ಅವರು ಅದನ್ನು ಮುಟ್ಟದೆ ಆರು ವರ್ಷ. ಅಷ್ಟೂ ಕಾಲ ಅದು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಒಳಗೆ ಇಲಿಗಳು ಸಂಸಾರ ಹೂಡಿ ಮರಿಮೊಮ್ಮಕ್ಕಳನ್ನೂ ಕಂಡಿದ್ದವು. ಗುಮಾಸ್ತ ನಾಲ್ಕು ವಿಡಿಯೋ ನೋಡಿ, ತಾನು ಅರ್ಧ ಮೆಕ್ಯಾನಿಕ್ ಎಂದು ತೀರ್ಮಾನಿಸಿ, ಹಳೆಯ ಪೆಟ್ರೋಲು ಚೆಲ್ಲಿ ಹೊಸದು ತುಂಬಿದ, ಹೊಸ ಬ್ಯಾಟರಿ ಕೂರಿಸಿದ. ಕಾರು ಎದ್ದಿತು. ಮರುದಿನ ಬೆಳಿಗ್ಗೆ ಮತ್ತೆ ಹೆಣ. ಚಾರ್ಜು ಮಾಡಿದರೆ ಎದ್ದಿತು, ಬೆಳಗಾದರೆ ಸತ್ತಿತು.

“ಊರಿಗೆಲ್ಲ ಹಲ್ಲು ಹಂಚೋಕೆ ಹೊರಟವನನ್ನು ನೋಡಿ ಕಾರೇ ಹಲ್ಲು ಕಿರೀತಿದೆ” ಎಂದರು ಅಮ್ಮ. “ಹೋಗಿ ವೈರ್ ಮೇಷ್ಟ್ರ ಕಾಲು ಹಿಡಿ.”

ವೈರ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಾರಿನ ವೈರಿಂಗ್ ರಿಪೇರಿ ಅವರ ಕಸುಬು. ಬಂದವರನ್ನು ಮಗುಚಿ ಹಾಕಿದ ಪೇಂಟ್ ಡಬ್ಬದ ಮೇಲೆ ಕೂರಿಸಿ, ಗಾಡಿಗೆ ತಾವೇ ಏನೇನು ಮಾಡಿಕೊಂಡರು ಎಂಬುದನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿಕೊಳ್ಳದೆ ಅವರು ಇಕ್ಕಳ ಮುಟ್ಟುತ್ತಿರಲಿಲ್ಲ. ಅದಕ್ಕೇ ಆ ಹೆಸರು.

ಶನಿವಾರ ಬೆಳಿಗ್ಗೆ ಗುಮಾಸ್ತ ಬ್ಯಾಟರಿ ಚಾರ್ಜು ಮಾಡಿ ಕಾರು ತಂದು ನಿಲ್ಲಿಸಿ, ತಾನೂ ಡಬ್ಬದ ಮೇಲೆ ಕೂತು ಒಪ್ಪಿಸಿದ, ಒಂದನ್ನು ಬಿಟ್ಟು. ಬುಧವಾರ ಒಂದು ಫ್ಯೂಸು ಹಾಕಿದಷ್ಟು ಸಲವೂ ಸುಟ್ಟಿತ್ತು. ರೋಸಿಹೋಗಿ ಅದಕ್ಕೆ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ ಕೂರಿಸಿದ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಗಾಬರಿಯಿಂದ ಕಿತ್ತು ಹೊಸ ಫ್ಯೂಸು ಹಾಕಿದ. ಈ ಸಲ ಅದು ಸುಡಲಿಲ್ಲ. ರೋಗ ವಾಸಿಯಾಯಿತು ಎಂದುಕೊಂಡ. ಅದನ್ನು ಹೇಳಿದರೆ ಅರ್ಧ ಮೆಕ್ಯಾನಿಕ್ಕಿನ ಮಾನ ಏನಾಗಬೇಕು?

“ಇಷ್ಟೇನಾ ತಮ್ಮ?”

“ಇಷ್ಟೇ ಮೇಷ್ಟ್ರೇ.”

ಮೇಷ್ಟ್ರು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ನಡುವೆ ಒಂದು ಸಣ್ಣ ಬಲ್ಬು ಸೇರಿಸಿದರು. ಕೀಲಿ ತೆಗೆದಿದ್ದರೂ ಬಲ್ಬು ಮಿಣಮಿಣ ಉರಿಯಿತು.

“ನೋಡು, ಮಲಗಿರೋ ಗಾಡಿ ಕರೆಂಟು ಕದ್ದು ತಿಂತಿದೆ. ಈಗ ಒಂದೊಂದೇ ಫ್ಯೂಸು ಕೀಳ್ತೀನಿ. ಯಾವುದು ಕಿತ್ತಾಗ ದೀಪ ಆರುತ್ತೋ, ಕಳ್ಳ ಅದರ ದಾರೀಲಿ ಇರ್ತಾನೆ.”

ಹದಿನಾಲ್ಕು ಫ್ಯೂಸನ್ನೂ ಒಂದೊಂದಾಗಿ ಕಿತ್ತು, ನೋಡಿ, ವಾಪಸು ಹಾಕಿದರು. ದೀಪ ಆರಲಿಲ್ಲ. ಕಾರಿನ ತಗಡಿನ ಮೈಗೆ ಕಚ್ಚುವ ಅರ್ತಿಂಗ್ ತಂತಿಯ ತುಕ್ಕು ಉಜ್ಜಿದರು. ಹೆಡ್‌ಲೈಟುಗಳಿಗೆ ಜೀವ ಬಂತು, ಸೋರಿಕೆ ನಿಲ್ಲಲಿಲ್ಲ. ಚಾರ್ಜಿಂಗಿನ ತಂತಿ ಬಿಚ್ಚಿದರು, ಸ್ಟಾರ್ಟರಿನದನ್ನು ಬಿಚ್ಚಿದರು. ದೀಪ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪ್ರತಿ ತಂತಿಗೂ ಅವರು ಗೋಡೆಯ ಕಿಟಕಿಯ ಕಡೆ ತಿರುಗಿ, “ಇದ್ಯಾವುದೇ?” ಎನ್ನುತ್ತಿದ್ದರು. ಕಿಟಕಿಯಾಚೆ ಹೊಲಿಗೆ ಯಂತ್ರದ ಮುಂದೆ ಕೂತ ಅವರ ಹೆಂಡತಿ ಪೆಡಲು ನಿಲ್ಲಿಸದೆ ಕತ್ತು ಮಾತ್ರ ಎತ್ತಿ, “ಕಂದು, ಮೇಲೆ ಬಿಳಿ ಗೆರೆ” ಎನ್ನುತ್ತಿದ್ದರು. ಸಂಜೆಯಾಯಿತು. ಪಕ್ಕದ ಮೇಜಿನವನು ಕಾರು ತೊಳೆಯುತ್ತಿರುವ ಚಿತ್ರ ಗುಮಾಸ್ತನ ಕಣ್ಣ ಮುಂದೆ ಕುಣಿಯಿತು.

“ನಾಳೆ ಭಾನುವಾರ ಅಲ್ವಾ ಮೇಷ್ಟ್ರೇ?” ಎಂದ, ಅಳುವ ದನಿಯಲ್ಲಿ.

“ಹಲ್ಲಿಲ್ಲದವರಿಗೆ ಭಾನುವಾರ ಹಸಿವಾಗಲ್ವಾ? ಒಂಬತ್ತಕ್ಕೆ ಬಾ.”

ರಜಾ ದಿನ ಇವನೊಬ್ಬನಿಗಾಗಿ ಇಬ್ಬರೂ ಅಂಗಡಿ ತೆರೆದಿದ್ದರು. ಮೇಷ್ಟ್ರು ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಅಲ್ಲಿಗೆ ಕಿಟಕಿಯ ನೋಟ ನಿಲುಕದು.

“ಬಣ್ಣ ನೀನೇ ಹೇಳಬೇಕು ತಮ್ಮ. ನನಗೆ ಕೆಂಪೂ ಒಂದೇ ಹಸಿರೂ ಒಂದೇ. ಹುಟ್ಟಿದಾಗಿನಿಂದ ಎರಡೂ ಕೆಸರು.”

ಗುಮಾಸ್ತ ತಬ್ಬಿಬ್ಬಾದ. “ಬಣ್ಣ ಕಾಣದೆ ಈ ಕೆಲಸ ಹೇಗೆ ಕಲಿತ್ರಿ?”

“ಸುಳ್ಳು ಹೇಳಿ” ಎಂದರು ಮೇಷ್ಟ್ರು, ತಲೆಕೆಳಗಾಗಿ ಮಲಗಿಕೊಂಡೇ. “ಇಪ್ಪತ್ತನೇ ವಯಸ್ಸಲ್ಲಿ ದೊಡ್ಡ ಗ್ಯಾರೇಜಿಗೆ ಸೇರಿದೆ. ಯಾವ ತಂತಿ ಎಲ್ಲಿರುತ್ತೆ ಅಂತ ಬಾಯಿಪಾಠ ಮಾಡ್ಕೊಂಡು ಕಾಲ ತಳ್ಳಿದೆ. ಒಂದಿನ ಕೆಂಪಿಗೆ ಹಸಿರು ಸೇರಿಸಿಬಿಟ್ಟೆ. ಡ್ಯಾಶ್‌ಬೋರ್ಡಿಂದ ಹೊಗೆ. ಮಾಲೀಕರು ಜೊತೆಯವನ ಮೇಲೆ ಅನುಮಾನಪಟ್ಟರು. ನಾನು ಬಾಯಿ ಬಿಡಲಿಲ್ಲ. ಅವನ ಕೆಲಸ ಹೋಯ್ತು.”

ಹೊಲಿಗೆ ಯಂತ್ರದ ಸದ್ದು ನಿಂತಿತು.

“ಮದುವೆಯಾಗಿ ಮೂರು ವರ್ಷಕ್ಕೆ ಇವಳಿಗೆ ಹೇಳಿದೆ. ಇವಳು ಬೈಲಿಲ್ಲ. ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಅವನ ಮನೆಗೂ ಹೋಗಿ ತಪ್ಪು ಒಪ್ಪಿಕೊಂಡೆ. ಈಗ ಪಂಪು ರಿಪೇರಿ ಮಾಡ್ತಾನೆ. ಮಾತಾಡ್ತಾನೆ. ಕೂತ್ಕೋ ಅಂತ ಮಾತ್ರ ಇನ್ನೂ ಅಂದಿಲ್ಲ.”

ಗುಮಾಸ್ತ ಡ್ಯಾಶ್‌ಬೋರ್ಡಿನತ್ತ ಬಗ್ಗಿದ. “ಮೇಷ್ಟ್ರೇ, ನಿನ್ನೆ ಒಂದು ಬಿಟ್ಟೆ” ಎಂದ. ಬೆಳ್ಳಿ ಕಾಗದದ ಕತೆಯನ್ನೆಲ್ಲ ಹೇಳಿದ.

ಮೇಷ್ಟ್ರು ಹೊರಗೆ ಬಂದು ಕೈ ಒರೆಸಿಕೊಂಡು ಅವನನ್ನೇ ನೋಡಿದರು. ಬೈಗುಳಕ್ಕೆ ಗುಮಾಸ್ತ ಕತ್ತು ಬಗ್ಗಿಸಿ ನಿಂತ. ಬೈಗುಳ ಬರಲಿಲ್ಲ.

“ಚಾಕಲೇಟು ತಿಂದವರು ಕಾಗದ ಬಿಸಾಕ್ತಾರಪ್ಪ” ಎಂದಿತು ಕಿಟಕಿ.

“ಗಾಡಿ ಸುಟ್ಟುಹೋಗದೆ ಇದ್ದಿದ್ದು ನಿನ್ನ ದೊಡ್ಡಪ್ಪನ ಪುಣ್ಯ” ಎಂದರು ಮೇಷ್ಟ್ರು. “ಫ್ಯೂಸು ಸಾಯಬೇಕಾದ ಕಡೆ ತಂತಿ ಕಾದು ಕರಗಿದೆ. ಕರಗಿ ಪಕ್ಕದ್ದಕ್ಕೆ ಅಂಟಿದೆ. ಒಂದು ದಾರಿ ಮುಚ್ಚಿದರೆ ಇನ್ನೊಂದರಿಂದ ಕರೆಂಟು ಬರ್ತಿದೆ. ನಾನು ಒಂದೊಂದೇ ಕೀಳ್ತಾ ಕೂತಿದ್ದೆ. ಯಾವ ಫ್ಯೂಸಿಗೆ ಸುತ್ತಿದ್ದೆ, ತೋರಿಸು.”

ಅದನ್ನು ಕಿತ್ತು ಕೆಳಗಿಟ್ಟರು. ಅದು ಹೊರಗಿರುವಾಗಲೇ ಉಳಿದವನ್ನು ಒಂದೊಂದಾಗಿ ಕಿತ್ತರು. ಐದನೆಯದಕ್ಕೆ ಬಲ್ಬು ತಟ್ಟನೆ ಆರಿತು.

ಬಾಗಿಲ ಬುಡದ ಕಾರ್ಪೆಟ್ಟು ಎತ್ತಿದರೆ, ಇಲಿ ಕಡಿದು ಬೋಳಾದ ತಂತಿ ತುಕ್ಕಿನ ತಗಡಿಗೆ ಅರೆಬರೆ ಒರಗಿ, ಫ್ಯೂಸು ಸುಡದಷ್ಟೇ ಕರೆಂಟು ಸೋರಿಸುತ್ತಿತ್ತು. ಅದೂ ಪಕ್ಕದ್ದೂ ಕರಗಿ ಒಂದೇ ಕರಿ ಹಗ್ಗವಾಗಿದ್ದವು. ಮುಂದಿನ ಮೂರು ಗಂಟೆ ಗುಮಾಸ್ತ ಮಂಡಿಯೂರಿ ಬಣ್ಣ ಹೇಳಿದ. ಒಮ್ಮೆ ತುಂಡೊಂದನ್ನು ಬಾಗಿಲಾಚೆ ಬೆಳಕಿಗೆ ಹಿಡಿದು ನೇರಳೆಯನ್ನು ಕಂದು ಎಂದುಬಿಟ್ಟ. “ಅದು ನೇರಳೆ. ಆದರೂ ನಮ್ಮವರಿಗಿಂತ ಇವನೇ ಮೇಲು ಬಿಡಿ” ಎಂದು ಕಿಟಕಿ ತಿದ್ದಿತು. ಮೇಷ್ಟ್ರು ಸುಟ್ಟ ತುಂಡುಗಳನ್ನು ಕತ್ತರಿಸಿ, ಹೊಸ ತಂತಿ ಜೋಡಿಸಿ, ಬೆಸುಗೆ ಹಾಕಿ ಟೇಪು ಸುತ್ತಿದರು. ಎಲ್ಲ ಫ್ಯೂಸುಗಳೂ ಮರಳಿ ಕೂತವು. ಬಲ್ಬು ಕತ್ತಲಾಗಿಯೇ ಉಳಿಯಿತು.

ಆದರೂ ಮೇಷ್ಟ್ರು ಕಾರು ಬಿಡಲಿಲ್ಲ. “ಇವತ್ತು ಇಲ್ಲೇ ಮಲಗಲಿ. ಬೆಳಿಗ್ಗೆ ಏಳಕ್ಕೆ ಬಂದು ನೀನೇ ಎಬ್ಬಿಸು. ಎದ್ದರೆ ವಾಸಿಯಾಯ್ತು ಅಂತ ಲೆಕ್ಕ.”

ಸೋಮವಾರ ಏಳಕ್ಕೆ ಗುಮಾಸ್ತ ಕೀಲಿ ತಿರುಗಿಸಿದ. ಕಾರು ಅರ್ಧ ಸುತ್ತಿಗೇ ಎದ್ದು ಗುರುಗುಟ್ಟಿತು. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ಮಾತು ಅವನಿಗೆ ಒಂದೂ ನೆನಪಾಗಲಿಲ್ಲ.

“ನಿಮ್ಮ ಉಪಕಾರ... ಇಬ್ಬರದೂ... ನಾನು ಸುಳ್ಳು ಹೇಳಿದ್ರೂ ರಜಾ ದಿನ ಬಂದು...”

“ನೀನು ಬಾಯಿ ಬಿಡದೆ ಇದ್ದಿದ್ರೆ ನಾನಿನ್ನೂ ಆ ಬಲ್ಬಿನ ಮುಖ ನೋಡ್ತಾ ಕೂತಿರ್ತಿದ್ದೆ” ಎಂದರು ಮೇಷ್ಟ್ರು. “ನನಗೆ ಹತ್ತು ವರ್ಷ ಬೇಕಾಯ್ತು, ನಿನಗೆ ಒಂದೇ ದಿನ.”

ಗುಮಾಸ್ತನ ಕಣ್ಣು ಮಂಜಾಯಿತು. ಮೇಷ್ಟ್ರು ಅದನ್ನು ಕಾಣದವರಂತೆ ಕಾರಿನ ನೆತ್ತಿಗೆ ಎರಡು ಸಲ ತಟ್ಟಿದರು.

“ಹೊರಡು, ಎಂಟಾಗುತ್ತೆ. ಊಟದ ಹೊತ್ತಿಗೆ ಅಷ್ಟೂ ಜನಕ್ಕೆ ಹಲ್ಲು ಮುಟ್ಟಬೇಕು.”