ಒಂದೇ ಮೀಟರಿನ ಮನೆಯ ಬ್ಯಾಟರಿ ಕಾರು

ದೇಶಪಾಂಡೆ ನಗರದ ಆ ಮನೆಯನ್ನು ಗೋಡೆ ಹಾಕಿ ಎರಡು ಮಾಡಿದ್ದರು, ಕರೆಂಟಿನ ಮೀಟರು ಮಾತ್ರ ಒಂದೇ ಉಳಿದಿತ್ತು. ಆಚೆ ಹಿರಿಯ ಮಗ ದ್ಯಾಮಣ್ಣ, ಹತ್ತಿ ವ್ಯಾಪಾರಿ. ಈಚೆ ಕಿರಿಯವ ಶಿವಯೋಗೀಶ, ಅವನ ಹೆಂಡತಿ ದಾಕ್ಷಾಯಿಣಿ. ತಾಯಿ ಗೌರಕ್ಕ ಊಟಕ್ಕೆ ಈಚೆ, ಹರಟೆಗೆ ಆಚೆ. ಮೀಟರು, ಫ್ಯೂಜು ಎಲ್ಲ ದ್ಯಾಮಣ್ಣನ ಪಡಸಾಲೆಯಲ್ಲಿದ್ದವು. ಜಗಳಕ್ಕೆ ಇನ್ನೇನು ಬೇಕು?

ದ್ಯಾಮಣ್ಣ ದಿನಾ ಬೆಳಿಗ್ಗೆ ತನ್ನ ಡೀಸೆಲ್ ಜೀಪನ್ನು ದಾಕ್ಷಾಯಿಣಿಯ ಅಡಿಗೆಮನೆ ಕಿಟಕಿಗೆ ಹಿಂಭಾಗ ಮಾಡಿ ನಿಲ್ಲಿಸಿ, ಚಾಲೂ ಮಾಡಿ, ಚಹಾ ಕುಡಿಯಲು ಒಳಗೆ ಹೋಗುತ್ತಿದ್ದ. ಕಾಸಿದ ಹಾಲಿನ ಮೇಲೆ ಮಸಿ ಕೂಡುತ್ತಿತ್ತು. ಕೇಳಿದರೆ, "ಇಂಜಿನ್ ಕಾಯಬೇಕವಾ, ನಿನಗೇನ ತಿಳೀತದ" ಎನ್ನುತ್ತಿದ್ದ. ಧಾರವಾಡದ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳಿಗೆ ಈ ಮಾತು!

೨೦೦೫ರಲ್ಲಿ ದಾಕ್ಷಾಯಿಣಿ ಬ್ಯಾಟರಿ ಕಾರು ತಂದಳು. ಕೇಳಿದವರಿಗೆಲ್ಲ ಇಂಗಾಲದ ಹೊಗೆ, ಭೂಮಿ ಬಿಸಿಯಾಗುತ್ತಿರುವುದು ಎಲ್ಲ ಬಿಡಿಸಿ ಹೇಳಿದಳು. ಅದೇನೂ ಸುಳ್ಳಲ್ಲ. ಆದರೆ ಒಳಗಿನ ಮಾತೆಂದರೆ, ಭಾವನ ಮೋರೆಗೆ ಹೊಡೆದಂತಾಗಲಿ ಎಂದೇ ಅವಳು ಆ ಕಾರನ್ನು ಆರಿಸಿದ್ದು.

ಮೋರೆಗೆ ಚೆನ್ನಾಗಿಯೇ ಬಿತ್ತು. "ಆ ಕರೆಂಟರ ಎಲ್ಲಿಂದ ಬರ್ತದ? ರಾಯಚೂರಾಗ ಕಲ್ಲಿದ್ದಲು ಸುಟ್ಟಾಗ ಬರ್ತದ!" ಎಂದು ದ್ಯಾಮಣ್ಣ ಅಂಗಳದಲ್ಲಿ ನಿಂತು ಕೂಗಿದ.

"ಅದನ್ನೂ ಲೆಕ್ಕಕ್ಕ ಹಿಡದೇನ್ರಿ ಭಾವಾರ. ಹಿಡದ್ರೂ ನಿಮ್ಮ ಜೀಪಿನಷ್ಟು ಹೊಲಸಾಗಂಗಿಲ್ಲ."

"ಹಾದ್ಯಾಗ ಒಂದ ಸರ್ತಿ ನಿಂತ್ರ ಮಾರಬೇಕು ನೋಡು. ಅವ್ವನ ಮುಂದ ಮಾತ ಕೊಡು."

"ಕೊಟ್ಟೇನ್ರಿ. ನಿಂತ್ರ ಮಾರ್ತೇನಿ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿಯಾಗಿತ್ತು. ಆ ಕಾರು ಹೋದರೆ ಆ ಮನೆಯಲ್ಲಿ ತಾನು ತಲೆ ಎತ್ತಿ ಓಡಾಡುವುದೂ ಮುಗಿಯಿತೆಂದು ಅವಳಿಗೆ ಗೊತ್ತಿತ್ತು.

ದಸರೆ ಬಂತು. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಎರಡೂ ಗಾಡಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡಿದರು. ಬ್ಯಾಟರಿ ಇಳಿದಿತ್ತೆಂದು ದಾಕ್ಷಾಯಿಣಿ ಸಂಜೆ ಕಾರನ್ನು ಚಾರ್ಜಿಗೆ ಹಾಕಿದಳು. ಮರುದಿನ ಮಧ್ಯಾಹ್ನ ಹತ್ತಿ ಕೂತು ನೋಡಿದರೆ ಚಾರ್ಜು ತೋರಿಸುವ ಮುಳ್ಳು ಕೆಳಗೇ ಬಿದ್ದಿದೆ. ಕಾರಿನ ವೈರಿನ ಫ್ಯೂಜು ಯಾರು ಕಿತ್ತಿರಬಹುದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ.

ಗೌರಕ್ಕ ಹೊಸ ಸೀರೆ ಉಟ್ಟು ಆಗಲೇ ಪಕ್ಕದಲ್ಲಿ ಕೂತಿದ್ದಳು. ಬನ್ನಿ ಹಬ್ಬಕ್ಕೆ, ಅಂದರೆ ವಿಜಯದಶಮಿಗೆ, ಧಾರವಾಡದ ಅಣ್ಣನ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಬರುವುದು ಅವಳ ವರ್ಷದ ಪದ್ಧತಿ. ಶಿವಯೋಗೀಶ ಯಾರ ಗಾಡಿ ಹತ್ತಿದರೂ ತಪ್ಪಾಗುತ್ತದೆಂದು ತಲೆನೋವಿನ ನೆಪ ಹೇಳಿ ಮಲಗಿಬಿಟ್ಟಿದ್ದ. ದ್ಯಾಮಣ್ಣ ಗೇಟಿನಲ್ಲಿ ನಿಂತು ಹಲ್ಲು ಕಿರಿದ. "ಯಾಕವಾ, ಹೊಂಡೂದಿಲ್ಲೇನು?"

ದಾಕ್ಷಾಯಿಣಿ ಆಗಲೇ ಇಳಿದಿದ್ದರೆ ಆಗುತ್ತಿತ್ತು. ಆದರೆ ಆ ಹಲ್ಲುಗಳನ್ನು ನೋಡಿದ ಮೇಲೆ ಇಳಿಯುವ ಜಾಯಮಾನ ಅವಳದಲ್ಲ. ನವನಗರದ ಗೆಳತಿಯ ಮನೆವರೆಗೆ ಮುಟ್ಟಿದರೆ ಅಲ್ಲಿ ಚಾರ್ಜು ಹಾಕಬಹುದು ಎಂದುಕೊಂಡು ಹೊರಟಳು. ಉಣಕಲ್ ದಾಟಿತು. ಭೈರಿದೇವರಕೊಪ್ಪದ ಹತ್ತಿರ ಕಾರು ಸದ್ದಿಲ್ಲದೆ ನಿಂತಿತು.

ಹಿಂದೆಯೇ ಜೀಪು ಬಂತು. ದ್ಯಾಮಣ್ಣ ಬೇಕೆಂದೇ ಬೆನ್ನು ಹತ್ತಿದ್ದ. ಕೈಯಲ್ಲಿ ಬನ್ನಿ ಎಲೆ ಹಿಡಿದು ಇಳಿದು ಬಂದ.

"ಮಾತ ಮುಗೀತಲಾ? ಮಾರು. ಬಾ ಅವ್ವಾ, ಜೀಪ್ ಹತ್ತು."

"ಫ್ಯೂಜ್ ಕಿತ್ತಾವ್ರು ನೀವಽ ಅಲ್ಲೇನ್ರಿ?" ದಾಕ್ಷಾಯಿಣಿ ಕಾರಿನ ಬಾಗಿಲು ತೆಗೆದು ಎದುರಿಗೆ ಬಂದಳು.

"ಹೌದು, ಕಿತ್ತೇನಿ! ಖಂಡೇಪೂಜಿಗೆ ಇಟ್ಟ ಸಾಮಾನಿಗೆ ಕೆಲಸ ಹಚ್ಚಬಾರದು. ಅಷ್ಟೂ ಗೊತ್ತಿಲ್ಲೇನು ನಿನಗ?"

ಗೌರಕ್ಕ ಇಳಿಯಲು ಒಂದು ಕಾಲು ಹೊರಗಿಟ್ಟಿದ್ದವಳು ಹಾಗೇ ಕೂತಳು. "ಹಂಗಾರ ನಿನ್ನೆ ಪೂಜಿ ಆದಮ್ಯಾಲೆ ಹತ್ತಿ ಚೀಲ ಹೇರಿಕೊಂಡು ನಿನ್ನ ಜೀಪು ಎಲ್ಲಿಗೆ ಹೋಗಿತ್ತಪಾ?"

ದ್ಯಾಮಣ್ಣ ಮಾತು ತಿರುಗಿಸಿ ತಾಯಿಯ ಮುಂದೆ ಎಲೆ ಹಿಡಿದು, "ಬನ್ನಿ ತಗೋ ಅವ್ವಾ, ಬಂಗಾರದಂಗ ಇರೂಣು" ಎಂದ.

ಆ ಸೀಮೆಯಲ್ಲಿ ವೈರಿ ಕೊಟ್ಟರೂ ಬನ್ನಿಯನ್ನು ಬೇಡವೆನ್ನುವುದಿಲ್ಲ. ಆದರೂ ಗೌರಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮೊದಲ ಅಕೀಗೆ ತಪ್ಪಾತು ಅನ್ನು. ಆಮ್ಯಾಲೆ ತಗೋತೇನಿ."

"ಈಕೀಗೆ? ನಾನು?"

"ಈಕೀಗೆ. ನೀನು."

ದ್ಯಾಮಣ್ಣ ಎಲೆಯನ್ನು ರಸ್ತೆಗೆ ಎಸೆದು ಜೀಪು ಹತ್ತಿದ. "ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದ. ಅದು ದಾಕ್ಷಾಯಿಣಿಗೆ ಹೇಳಿದ್ದಲ್ಲ, ತಾಯಿಗೆ ಹೇಳಿದ್ದು.

ರಸ್ತೆ ಬದಿಯ ಮನೆಯಾಕೆ ಹಾಜರಾಬಿ ಎಲ್ಲ ನೋಡಿದ್ದಳು. ಕರೆದು ಕೂಡಿಸಿ, ಕಿಟಕಿಯಿಂದ ವೈರು ಎಳೆದುಕೊಟ್ಟಳು. ಕಾರು ಕರೆಂಟು ಕುಡಿಯಿತು, ಇವರಿಬ್ಬರು ಚಹಾ ಕುಡಿದರು. ದಾಕ್ಷಾಯಿಣಿಯ ಹೊಟ್ಟೆ ತಣ್ಣಗಾಗಿತ್ತು. ಇಂಥ ಮೋಸದಿಂದ ನಿಂತ ಕಾರನ್ನು ಮಾರೆಂದು ಇನ್ನು ಯಾವ ಬಾಯಿಯೂ ಹೇಳಲಾರದು. ಗೆದ್ದೆ ಎಂದುಕೊಂಡಳು. ಮತ್ತೆ ಹೊರಟಾಗ ಅವಳಿಗೆ ತಡೆಯಲಾರದಷ್ಟು ನಗು ಬಂತು.

"ನಗಬ್ಯಾಡ" ಎಂದಳು ಗೌರಕ್ಕ. ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು, ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. "ನಿನಗ ಗಾಡಿ ಉಳೀತು. ನನಗ ಮಗ ಹೋದ."

ದಾಕ್ಷಾಯಿಣಿ ನಗು ನಿಲ್ಲಿಸಿ, ಸದ್ದಿಲ್ಲದ ಕಾರನ್ನು ಮುಂದೆ ಓಡಿಸಿದಳು. ಇಂಜಿನ್ನಿನ ಸದ್ದಾದರೂ ಇದ್ದಿದ್ದರೆ ಅತ್ತೆಯ ಬಿಕ್ಕು ಅವಳಿಗೆ ಕೇಳುತ್ತಿರಲಿಲ್ಲ.