ನಾಲ್ಕು ಗಂಟೆಯ ಬೆಲ್ಲ

ಪಕ್ಕದ ಮನೆಯವರು ಅಡುಗೆಮನೆಯ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಕೊಯ್ಯಿಸುತ್ತಿದ್ದಾರೆ. ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಬೆಳಗಿನಿಂದ ಯಂತ್ರದ ಕಿರುಚಾಟ. ಒಣಹಾಕಿದ ಸೀರೆಯ ಮೇಲಿನ ಧೂಳು ಕೊಡವಲು ಹೋದವಳು ಅದರ ವಾಸನೆಗೆ ನಿಂತುಬಿಟ್ಟೆ. ಸುಟ್ಟ ಕಲ್ಲಿನ ಆ ವಾಸನೆ ನಿಮಗೆ ಪರಿಚಯವಿದೆಯೋ ಇಲ್ಲವೋ, ನನಗದು ತವರಿನದು.

ಇಳಕಲ್ಲಿನಲ್ಲಿ ನನ್ನ ತಮ್ಮ ಮಹಾಂತೇಶನದು ಕಲ್ಲು ಕೊಯ್ಯುವ ಶೆಡ್ಡು. ನಮ್ಮಪ್ಪನ ಕಾಲದಿಂದ ಅಲ್ಲೊಂದು ರೂಢಿ. ಸಂಜೆ ನಾಲ್ಕಕ್ಕೆ ಯಂತ್ರ ನಿಲ್ಲಿಸಿ, ಮಾಲೀಕನೇ ಎಲ್ಲರ ಕೈಗೂ ಒಂದೊಂದು ತುಂಡು ಬೆಲ್ಲ ಇಡಬೇಕು. ಬೆಲ್ಲ ತಿಂದರೆ ಒಳಗೆ ಹೋದ ಧೂಳು ಇಳಿದುಹೋಗುತ್ತದೆ ಎಂಬ ನಂಬಿಕೆ. ತಮ್ಮ ತಾನೂ ತಿನ್ನುತ್ತಿದ್ದ. ಅಂಥ ಸಾಹುಕಾರ ಸಿಗುವುದಿಲ್ಲ ಎಂದು ಜನ ಹೊಗಳಿದರೆ ಅಕ್ಕನಾದ ನಾನು ಬೀಗುತ್ತಿದ್ದೆ.

ಅವನ ಮಗಳು ಸುಮಾ ಡಾಕ್ಟರಾದಳು. ಬಳಿಕ ಸಾರ್ವಜನಿಕ ಆರೋಗ್ಯ ಮತ್ತು ಸಾರ್ವಜನಿಕ ನೀತಿ, ಎರಡರಲ್ಲೂ ಒಟ್ಟಿಗೆ ಸ್ನಾತಕೋತ್ತರ ಪದವಿ ಓದಲು ಸೇರಿದಳು. ನಾನು ಕಾಲೇಜಿನಲ್ಲಿ ಪಾಠ ಹೇಳಿದವಳೆಂದು ನೆಂಟರಿಗೆ ಇದನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. "ಒಂದು ರೋಗಕ್ಕ, ಇನ್ನೊಂದು ಸರಕಾರಕ್ಕ" ಎಂದು ಪಾರಾಗುತ್ತಿದ್ದೆ. "ಸರಕಾರಕ್ಕ ಏನಾಗೇತ್ರಿ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಸುಮಾಳನ್ನೇ ಕೇಳಿದೆ.

"ಅತ್ತಿ, ಬ್ಯಾನಿ ಬಿದ್ದವರಿಗೆ ಔಷಧ ಕೊಡೋದು ಒಂದು ವಿದ್ಯಾ. ಉಳಿದವರಿಗೆ ಅದು ಬರದಂಗ ನಿಯಮ ಮಾಡೋದು ಇನ್ನೊಂದು."

ಕಳೆದ ಬೇಸಿಗೆಯಲ್ಲಿ ಅವಳು ವರದಿ ಬರೆಯಲು ತನ್ನೂರನ್ನೇ ಆರಿಸಿಕೊಂಡಳು. ವಿಷಯ, ಧೂಳು ಅಡಗಿಸುವ ನೀರು ಬಿಡದೆ ಕಲ್ಲು ಕೊಯ್ಯುವ ಶೆಡ್ಡುಗಳು. ಮೊದಲು ಹೋದದ್ದು ತನ್ನಪ್ಪನ ಶೆಡ್ಡಿಗೇ.

"ಅಪ್ಪಾ, ಬೆಲ್ಲ ಹೊಟ್ಟಿಗೆ ಹೋಗ್ತೈತಿ. ಧೂಳು ಕೂಡೋದು ಎದಿಯಾಗ."

"ನಿಮ್ಮಜ್ಜ ಕೊಟ್ಟ, ನಾ ಕೊಟ್ಟೆ. ಈಗ ಅದು ವಿಷ ಆತೇನ?"

"ವಿಷ ಅಲ್ಲಪಾ, ಧೈರ್ಯ ಆಗೇತಿ. ಬೆಲ್ಲ ತಿಂದೇವಲ್ಲಾ ಅಂತ ಯಾರೂ ಬಾಯಿಗೆ ಅರಿವಿ ಸೈತ ಕಟ್ಟವಲ್ರು."

ಹಳೆಯ ಕೆಲಸಗಾರ ಯಮನಪ್ಪ ನಕ್ಕ. "ಡಾಕ್ಟರವ್ವ ಬೆಲ್ಲ ಬಂದ್ ಮಾಡಾಕ ಬಂದಾಳ್ರಪೋ!"

ಎಲ್ಲರ ಎದೆಯ ಎಕ್ಸ್-ರೇ ತೆಗೆಸುವುದೆಂದಾಯಿತು. ಜನ ಹೆದರಬಾರದೆಂದು ತಮ್ಮನೇ ಮೊದಲು ನಿಂತ.

ಆಗ ನಾನು ತವರಿನಲ್ಲೇ ಇದ್ದೆ; ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ತಮ್ಮನ ಮನೆಯ ಪಡಸಾಲೆಯಲ್ಲಿ ಸುಮಾ ಒಂದು ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಎದೆಯ ತುಂಬ ಬಿಳಿಯ ಚುಕ್ಕೆಗಳು. ತಿರುಗದೆಯೇ, "ಅತ್ತಿ, ಇದು ಅಪ್ಪಂದು" ಎಂದಳು. ತಮ್ಮ ಬಾಗಿಲಲ್ಲಿ ನಿಂತಿದ್ದ.

"ಯಾರ ಮುಂದೂ ಹೇಳಬ್ಯಾಡವ್ವಾ."

"ಡಾಕ್ಟರಾದಾಕಿ ಹೇಳಂಗಿಲ್ಲಪಾ. ಆದ್ರ ವರದಿ ಬರಿಯಾಕಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಂಗಿಲ್ಲ."

"ಹಂಗಾರ ಏನ್ಮಾಡ್ತಿ?"

"ಸುಮ್ನಿರ್ತೇನಿ."

ಎಕ್ಸ್-ರೇಯನ್ನು ಲಕೋಟೆಗೆ ಹಾಕಿ ಅಪ್ಪನ ಕೈಗೆ ಕೊಟ್ಟಳು. ನೆಂಟರ ನಡುವೆ ನಾನು ನಗೆಯಾಡಿದ ಆ ಎರಡು ವಿದ್ಯೆಗಳು ಒಬ್ಬಳನ್ನೇ ಎರಡು ಕಡೆಗೆ ಜಗ್ಗುವುದನ್ನು ಅಂದು ನೋಡಿದೆ.

ಮರುದಿನ ನಾಲ್ಕಕ್ಕೆ ನಾನೂ ಸುಮಾಳೂ ಶೆಡ್ಡಿನಲ್ಲಿದ್ದೆವು. ತಮ್ಮ ಯಂತ್ರ ನಿಲ್ಲಿಸಿ ಬರಿಗೈಯಲ್ಲಿ ಬಂದ.

"ಬೆಲ್ಲ ಎಲ್ರಿ ಸಾವಕಾರ್ರ?" ಎಂದ ಯಮನಪ್ಪ.

"ನಿಮ್ಮೆಲ್ಲಾರಿಗಿಂತ ಹೆಚ್ಚಿಗಿ ತಿಂದಾಂವ ನಾ. ಆದ್ರೂ ನನ್ನ ಎದಿಯಾಗ ಧೂಳು ಕೂತೈತಿ. ಕೂತದ್ದು ಇನ್ನ ಹೋಗಂಗಿಲ್ಲಂತ." ಯಂತ್ರದ ಮೇಲೆ ಕೈಯಿಟ್ಟ. "ನಾಳಿಂದ ನೀರಿಲ್ದ ಮಷಿನ್ ಚಾಲೂ ಆಗಂಗಿಲ್ಲ."

ಯಮನಪ್ಪ ಹೆಗಲ ಮೇಲಿನ ಟವೆಲ್ ಕೊಡವಿದ. ಹತ್ತಿರ ಬಂದು, ಕೇಳದೆಯೇ, ಅದನ್ನು ತಮ್ಮನ ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿದ. ಸುಮಾ ಹೊರಗೆ ಹೋಗಿ ನಿಂತಳು.

ವರದಿಯಲ್ಲಿ ತನ್ನ ಹೆಸರನ್ನೇ ಬರೆಯಲು ತಮ್ಮ ಒಪ್ಪಿಗೆ ಕೊಟ್ಟ. ಅವಳೀಗ ಉಳಿದ ಓದಿಗೆ ಮರಳಿದ್ದಾಳೆ. ನಾನು ದಿನವೂ ಅವನಿಗೆ ಫೋನು ಮಾಡುತ್ತೇನೆ. ಮಾತಿನ ನಡುವೆ ಅವನು ಉಸಿರಿಗೆಂದು ನಿಲ್ಲುತ್ತಾನೆ. ಮೊದಮೊದಲು ಗಾಬರಿಯಿಂದ ಆ ಮಾತನ್ನು ನಾನೇ ಮುಗಿಸಿಬಿಡುತ್ತಿದ್ದೆ. ಈಗ ಕಾಯುತ್ತೇನೆ. ಮಾತು ಅವನದು, ಅವನೇ ಮುಗಿಸುತ್ತಾನೆ.