ಉಮ್ಮರಾಕನ ಟ್ಯಾಂಕರಿಗೆ ನಾನು ಹಿಡಿಸಿದ ತುಕ್ಕು

ಮೊನ್ನೆ ಕಪಾಟು ಖಾಲಿ ಮಾಡಲು ಕೂತಿದ್ದೆ. ಕೊಲ್ಲಿ ದೇಶದ ಎಣ್ಣೆ ಊರಾದ ಅಬ್ಕೈಕಿನ ನಮ್ಮ ಕ್ಯಾಂಪನ್ನು ಬೇರೆ ಕಡೆಗೆ ಸಾಗಿಸುತ್ತಾರಂತೆ. ಎಲ್ಲಿಗೆ, ಯಾವಾಗ ಎಂದು ಕೇಳುವಷ್ಟು ಉತ್ಸಾಹವೂ ಈಗ ನನಗಿಲ್ಲ. ಕೆಳಗಿನ ಖಾನೆಯಲ್ಲಿ ಚಪ್ಪಲಿಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಪೈಂಟ್ ಕರಗಿಸುವ ಥಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಬದಿಯಲ್ಲಿದ್ದ ಸಣ್ಣ ಸೀಸೆ ಸೋರಿತ್ತು. ಹಗಲೆಲ್ಲ ಇದೇ ವಾಸನೆಯಲ್ಲಿ ದುಡಿಯುವವನು ನಾನು. ಆದರೂ ಡಬ್ಬಿಯ ಥಿನ್ನರಿನ ವಾಸನೆ ಬೇರೆಯೇ ಎಂದರೆ ನೀವು ನಗಬಾರದು. ನನಗಂತೂ ಉಮ್ಮರಾಕ ಪಕ್ಕದಲ್ಲೇ ಬಂದು ಕೂತ ಹಾಗಾಯಿತು.

ಅವರ ವಿಷಯಕ್ಕೆ ಬರುವ ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ. ತುಕ್ಕು ಹುಡುಕುವುದು. ಎಣ್ಣೆ ಘಟಕದ ಪೈಪು, ಟ್ಯಾಂಕು, ಏಣಿಗಳಲ್ಲಿ ಎಲ್ಲಿ ಪೈಂಟ್ ಎದ್ದಿದೆ ಎಂದು ನೋಡಿ, ಕೆರೆಸಿ, ಹೊಸತು ಹೊಡೆಸಿ, ಸಹಿ ಹಾಕುವುದು. ಇಪ್ಪತ್ತನಾಲ್ಕು ವರ್ಷ ಇದನ್ನೇ ಮಾಡಿ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವಂತಾಗಿದೆ. ರಜೆಯಲ್ಲಿ ಉಡುಪಿಗೆ ಹೋದರೆ ಮದುವೆ ಹಾಲಿನ ಗೇಟಿನ ಮುಂದೆ ಬಗ್ಗಿ ನಿಲ್ಲುತ್ತೇನೆ. "ನಿಮ್ಮನ್ನು ಊಟಕ್ಕೆ ಕರ್ದದ್ದಾ, ಗೇಟು ಪಾಸು ಮಾಡ್ಲಿಕ್ಕೆ ಕರ್ದದ್ದಾ?" ಎಂದು ಹೆಂಡತಿ ಕೈ ಹಿಡಿದು ಎಳೆದುಕೊಂಡು ಹೋದದ್ದುಂಟು.

ಇಂಥವನಿಗೆ ರೂಮಿನ ಜೊತೆಗಾರರಾಗಿ ಸಿಕ್ಕಿದವರು ಉಮ್ಮರಾಕ. ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ಕಂಪನಿಯ ಟ್ರೈಲರ್ ಡ್ರೈವರ್. ನನಗಿಂತ ಹದಿನೈದು ವರ್ಷ ದೊಡ್ಡವರು. ಒಂಬತ್ತು ವರ್ಷ ಒಂದೇ ರೂಮಿನಲ್ಲಿದ್ದೆವು. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬ ಅವರಿಗೆ ಒಂದು ಕಾರ್ಟನ್ ಕೊಟ್ಟು ಹೋಗಿದ್ದ. ಅದರ ತುಂಬ ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳು. ಅಂಟಿಸಿದರೆ ಗೇಣುದ್ದದ ಜೀಪು, ಟ್ರಕ್ಕು, ಫಿರಂಗಿ ಗಾಡಿ. ಎಲ್ಲವೂ ಮರುಭೂಮಿಯ ಯುದ್ಧದವು.

ಶುಕ್ರವಾರ ಜುಮಾ ನಮಾಜು ಮುಗಿದು, ಊಟವಾಗಿ, ಇಡೀ ಕ್ಯಾಂಪೇ ಗೊರಕೆ ಹೊಡೆಯುವ ಹೊತ್ತಿಗೆ ಉಮ್ಮರಾಕ ಮೇಜಿನ ಮೇಲೆ ಪೇಪರ್ ಹಾಸುತ್ತಿದ್ದರು. ಗಾಡಿ ಕಟ್ಟುವುದು ಒಂದು ದಿನದ ಕೆಲಸ, ಅದನ್ನು ಹಳತು ಮಾಡುವುದು ತಿಂಗಳಿನದು. ಮೊದಲು ಕಂದು ಬಣ್ಣ, ಅದರ ಮೇಲೆ ಹೆಂಗಸರು ಕೂದಲಿಗೆ ಹೊಡೆಯುವ ಸ್ಪ್ರೇ, ಅದರ ಮೇಲೆ ಮರಳಿನ ಬಣ್ಣ. ಒದ್ದೆ ಬ್ರಶ್ಶಿನಿಂದ ತಿಕ್ಕಿದರೆ ಮೇಲಿನದು ಚಕ್ಕೆಚಕ್ಕೆಯಾಗಿ ಎದ್ದು ಅಡಿಯ ಕಂದು ಕಾಣುತ್ತದೆ. ನೋಡಿದವರು ತುಕ್ಕೆಂದೇ ಹೇಳಬೇಕು. ಧೂಳಿಗೆ ಮಾತ್ರ ಏನನ್ನೂ ಕೊಳ್ಳುತ್ತಿರಲಿಲ್ಲ. ಕಿಟಕಿಯ ದಂಡೆಯಿಂದ ಬೆರಳಲ್ಲಿ ಬಳಿದು ತರುತ್ತಿದ್ದರು. ಒಮ್ಮೆ ಸ್ಪ್ರೇ ತರಲು ಇಬ್ಬರೂ ಅಂಗಡಿಗೆ ಹೋದಾಗ ಮಲಯಾಳಿ ಅಂಗಡಿಯವನು ನಮ್ಮ ಎರಡು ಬೋಳುತಲೆಗಳನ್ನೂ ನೋಡಿ, ಯಾರಿಗೆ ಎಂದು ಕೇಳಿದ. "ಗಾಡಿಗೆ" ಎಂದರು ಉಮ್ಮರಾಕ, ಮುಖದಲ್ಲಿ ನಗುವಿಲ್ಲದೆ.

"ನೀನು ಹಗಲಿಡೀ ತುಕ್ಕು ತೆಗೀತಿ, ನಾನು ಕೂತು ಹಿಡಿಸ್ತೇನೆ. ಇಬ್ರಿಗೂ ಕೆಲ್ಸ ಮುಗಿಯೂದಿಲ್ಲ ಮಾರಾಯ" ಎನ್ನುತ್ತಿದ್ದರು. ಆಮೇಲೆ ನನ್ನನ್ನೂ ಎಳೆದುಕೊಂಡರು. ಬೋಲ್ಟಿನ ಅಡಿಯಲ್ಲಿ, ವೆಲ್ಡಿಂಗಿನ ಅಂಚಿನಲ್ಲಿ, ನೀರು ನಿಲ್ಲುವ ಮೂಲೆಯಲ್ಲಿ ಎಂದು ನಾನು ಬೆರಳು ತೋರಿಸಿದಲ್ಲೆಲ್ಲ ಅವರು ತುಕ್ಕು ಹಚ್ಚುತ್ತಿದ್ದರು. ನನ್ನ ವಿದ್ಯೆಗೆ ಅಷ್ಟು ಮರ್ಯಾದೆ ಕಂಪನಿಯಲ್ಲೂ ಸಿಕ್ಕಿರಲಿಲ್ಲ.

ಕಾರ್ಟನ್ನಿನ ತಳದಲ್ಲಿ ಒಂದು ನೀರಿನ ಟ್ಯಾಂಕರ್ ಇತ್ತು. ಅದನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಪ್ರಾಯದಲ್ಲಿ, ಕೊಲ್ಲಿ ಯುದ್ಧದ ಸಮಯದಲ್ಲಿ, ಅಂಥದ್ದೇ ಗಾಡಿಯಲ್ಲಿ ಉತ್ತರದ ಸೈನ್ಯದ ಕ್ಯಾಂಪುಗಳಿಗೆ ಅವರು ನೀರು ಸಾಗಿಸಿದ್ದರು. ಕೆಲಸ ಬಿಟ್ಟು ಊರಿಗೆ ಹೊರಡುವ ತಿಂಗಳು ಅದನ್ನು ಹೊರತೆಗೆದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಸೋತು ಕೈ ನಡುಗುತ್ತಿತ್ತು. ಹೇಗೋ ಅಂಟಿಸಿ ಮುಗಿಸಿ ಬ್ರಶ್ಶನ್ನು ನನ್ನ ಕೈಗಿತ್ತರು. "ನಂಗೆ ಕೈ ನಿಲ್ಲೂದಿಲ್ಲ. ನೀನು ಮುಗ್ಸಿ ಕೊಡು. ಇದೊಂದನ್ನು ಮನೆಗೆ ಕೊಂಡೋಗ್ಬೇಕು ನಂಗೆ."

ನೆಂಟರಿಗೆ ಹೇಳಿ ಬರಲು ಅವರು ಹತ್ತಿರದ ಅಲ್ ಅಹ್ಸಾ ಊರಿಗೆ ಹೋದ ಎರಡು ದಿನಗಳಲ್ಲಿ ನಾನು ಕೈಚಳಕವನ್ನೆಲ್ಲ ತೋರಿಸಿದೆ. ಒಂದು ಬೋಲ್ಟನ್ನೂ ಬಿಡಲಿಲ್ಲ. ನೀರಿನ ನಲ್ಲಿಯ ಕೆಳಗೆ ಇಳಿದ ತುಕ್ಕಿನ ಗೆರೆಯನ್ನಂತೂ ನೋಡಿ ನೋಡಿ ನಾನೇ ಬೀಗಿದೆ.

ಉಮ್ಮರಾಕ ಬಂದು, ಕನ್ನಡಕ ಹಾಕಿ, ಗಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಚಂದ ಮಾಡಿದ್ದಿ" ಎಂದರು. ನಲ್ಲಿಯ ಕೆಳಗಿನ ಗೆರೆಗೆ ಬೆರಳಿಟ್ಟು, "ಆದ್ರೆ ಇದು ನನ್ನ ಗಾಡಿ ಅಲ್ಲ ಮಾರಾಯ. ಕುಡಿಯುವ ನೀರಿನ ಗಾಡಿ ಅಲ್ವ ಅದು? ದಿನಾ ಬೆಳಿಗ್ಗೆ ಒರೆಸ್ತಿದ್ದೆ. ತುಕ್ಕು ಹಿಡಿದ ಟ್ಯಾಂಕಿನ ನೀರನ್ನು ಯಾರಾದ್ರೂ ಕುಡೀತಾರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ನಿಮ್ಮ ಗಾಡಿ ಹೇಗಿತ್ತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ತುಕ್ಕು ಎಲ್ಲಿರಬೇಕು ಎಂದು ಹೇಳಿದ್ದೇ ಹೇಳಿದ್ದು. ಮೂರನೆಯ ದಿನ ಅವರು ವಿಮಾನ ಹತ್ತಿದರು. ಟ್ಯಾಂಕರ್ ಆ ಚಪ್ಪಲಿಯ ಡಬ್ಬಿಯಲ್ಲಿ ನನ್ನಲ್ಲೇ ಉಳಿಯಿತು. ಬರುವ ಶುಕ್ರವಾರ ಸರಿಮಾಡಿ ಕಳಿಸುತ್ತೇನೆ ಅಂದುಕೊಂಡೆ. ಆ ಶುಕ್ರವಾರ ನಿದ್ದೆ ಮಾಡಿದೆ. ಮುಂದಿನದೂ ಹಾಗೇ. ಏಳು ವರ್ಷದ ಶುಕ್ರವಾರಗಳನ್ನು ಹೀಗೆ ಮಲಗಿ ಕಳೆದೆ. ಆಯಾಸವೆಂದರೆ ಹಾಗೆಯೇ, ಎಷ್ಟು ಮಲಗಿದರೂ ತೀರುವುದಿಲ್ಲ.

ಡಬ್ಬಿ ಸಿಕ್ಕಿದ ಸಂಜೆಯೇ ಫೋನ್ ಮಾಡಿದೆ. ಎತ್ತಿದವಳು ಮಗಳು ಸಫಿಯಾ. ಬಾಪನಿಗೆ ಸಕ್ಕರೆಯಿಂದ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಮಂಜಾಗುತ್ತಿದೆ ಎಂದಳು. "ತೋರಿಸ್ಲಿಕ್ಕೆ ಎಂತಾದ್ರೂ ಇದ್ರೆ ಬೇಗ ತೋರ್ಸಿ ಅಂಕಲ್."

ಮತ್ತೆ ನಾನು ಮಲಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಡ್ಯೂಟಿ ಮುಗಿಸಿ ಬಂದ ಮೂರು ಸಂಜೆ ಕೂತೆ. ಪ್ಲಾಸ್ಟಿಕ್ ಕರಗದ ಹಾಗೆ ಹತ್ತಿಯ ತುದಿಗೆ ಚೂರೇ ಥಿನ್ನರ್ ತಾಗಿಸಿ ಬೋಲ್ಟು ಬೋಲ್ಟಿನ ತುಕ್ಕು ತೆಗೆದೆ. ಅಡಿಬಣ್ಣವಾಗಿ ಬೂದು ಪ್ರೈಮರ್ ಹೊಡೆದು, ಒಣಗಿಸಿ, ಮೇಲೆ ಮರಳಿನ ಬಣ್ಣ ಬಳಿದೆ. ಈಗ ನನ್ನ ಕೈಯೂ ಅಷ್ಟೇನೂ ನಿಲ್ಲುವುದಿಲ್ಲ.

ಶುಕ್ರವಾರ ವಿಡಿಯೋ ಕಾಲ್ ಮಾಡಿದೆ. ಸಫಿಯಾ ಫೋನನ್ನು ಅವರ ಮುಖದ ಹತ್ತಿರ ಹಿಡಿದಳು. ತುಂಬ ಇಳಿದುಹೋಗಿದ್ದರು.

"ಎಂತ, ಶೋರೂಮಿಂದ ತಂದಿಯಾ?" ಎಂದು ನಕ್ಕರು. ಮತ್ತೆ, "ಎಡದ ಬಾಗಿಲು ತೋರ್ಸು" ಎಂದರು. ಇಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ತೋರಿಸಿದೆ.

"ಕಿಟಕಿಯ ಅಡಿ ಪೈಂಟ್ ಇರ್ಲಿಲ್ಲ. ಎ.ಸಿ. ಇಲ್ಲದ ಗಾಡಿ ಅಲ್ವ, ನನ್ನ ಮೊಣಕೈ ಯಾವಾಗ್ಲೂ ಅಲ್ಲೇ. ತಿಕ್ಕಿ ತಿಕ್ಕಿ ಹೋಗಿತ್ತು."

ಫೋನನ್ನು ಚಹಾಪುಡಿಯ ಡಬ್ಬಿಗೆ ಒರಗಿಸಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದೆ.

"ಇನ್ನೂ ಸ್ವಲ್ಪ ಮುಂದೆ. ಅಲ್ಲಲ್ಲ, ಹಿಂದೆ ಬಾ. ಹಾಂ. ಸಾಕು. ಸಾಕು ಮಾರಾಯ."

ಸಾಸಿವೆಕಾಳಿನಷ್ಟು ಜಾಗದಲ್ಲಿ ಬೂದು ಬಣ್ಣ ಕಂಡಿತು. ಉಮ್ಮರಾಕ ಎಷ್ಟು ಬಗ್ಗಿದರೆಂದರೆ ಪರದೆಯ ತುಂಬ ಅವರ ಒಂದೇ ಕಣ್ಣು.

"ಇದು ನನ್ನ ಗಾಡಿ" ಎಂದರು.

ಇಪ್ಪತ್ತನಾಲ್ಕು ವರ್ಷದಲ್ಲಿ, ಪೈಂಟ್ ಹೋದ ಜಾಗವೊಂದನ್ನು ನೋಡಿ ನನಗೆ ಅಳು ಬಂದದ್ದು ಅದೇ ಮೊದಲು.